ಒತ್ತಿ ಹಿಡಿಯುವುದು

ಬೈಯುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದು ಎಂಟನೆಯ ವಯಸ್ಸಿನಲ್ಲಿ. ಗಡಿಯಾರ ನೋಡುವುದು ಆಗ ಅವಳ ತಲೆಗೆ ಹತ್ತುತ್ತಲೇ ಇರಲಿಲ್ಲ. ದೊಡ್ಡ ಮುಳ್ಳು ನಾಲ್ಕರ ಮೇಲಿದ್ದರೆ ಅದನ್ನು ನಾಲ್ಕು ಎನ್ನದೆ ಇಪ್ಪತ್ತು ಎಂದು ಯಾಕೆ ಓದಬೇಕು ಎನ್ನುವಲ್ಲಿಗೆ ಬಂದು ಬುದ್ಧಿ ಮೊಂಡು ಹಿಡಿದು ನಿಂತುಬಿಡುತ್ತಿತ್ತು. ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಬಂದವಳನ್ನು ಅಪ್ಪ ತನ್ನ ಗಡಿಯಾರ ರಿಪೇರಿ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಯಂತ್ರ ಕಳಚಿದ ಒಂದು ಗೋಡೆ ಗಡಿಯಾರದ ಮುಖವನ್ನು ಕೈಗೆ ಕೊಟ್ಟು, ಐದು ತಿಂಗಳು, ದಿನವೂ ಸಂಜೆ, ಅದೇ ಪ್ರಶ್ನೆಗೆ ಅದೇ ಉತ್ತರವನ್ನು ಅದೇ ದನಿಯಲ್ಲಿ ಹೇಳಿದ. ಎಷ್ಟು ಸಲ ಹೇಳಬೇಕು ನಿನಗೆ ಎಂದು ಒಮ್ಮೆಯೂ ಅನ್ನಲಿಲ್ಲ. ಕೊನೆಗೆ ಅದು ಹೊಳೆದ ಸಂಜೆ ಅವಳು ಸ್ಟೂಲಿನಿಂದ ಇಳಿಯದೆ ಹೇಳಿದ್ದಳು: "ಅಪ್ಪಾ, ನಾನು ದೊಡ್ಡವಳಾದ ಮೇಲೆ ನಿನಗೆ ಬರದೇ ಇರೋದನ್ನ ನಾನು ಹೇಳಿಕೊಡ್ತೀನಿ. ಒಂದು ಸಲಾನೂ ಬೈಯಲ್ಲ." ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ ನಕ್ಕ. ಬಾಯಿಮಾತು ಬೇಡ, ಬರೆದಿಟ್ಟುಕೊಳ್ಳುತ್ತೇನೆ ಎಂದು, ಅವಳಿಗಾಗಿ ಸಿದ್ಧ ಮಾಡುತ್ತಿದ್ದ ಪುಟ್ಟ ಕೈಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಿಂದ ಆ ದಿನದ ತಾರೀಖನ್ನೂ, ಅದರ ಮಗ್ಗುಲಿಗೆ 'ಬೈಯಲ್ಲ' ಎಂದೂ ಗೀಚಿದ. ರಿಪೇರಿಗೆ ಬಂದ ಪ್ರತಿ ಗಡಿಯಾರದ ಒಳಗೂ ಹೀಗೊಂದು ಗುರುತು ಗೀಚುವುದು ಆ ಕಸುಬಿನವರ ರೂಢಿ. ಕಟ್ಟಿಕೊಂಡವರಿಗೆ ಅದು ಕಾಣುವುದಿಲ್ಲ, ಮುಂದೆ ಬಿಚ್ಚುವವರಿಗೆ ಮಾತ್ರ ಕಾಣುತ್ತದೆ.

ಈ ಬೆಳಿಗ್ಗೆ ಅದೇ ಗಡಿಯಾರ ಕಟ್ಟಿಕೊಳ್ಳುವಾಗ ಪಟ್ಟಿಯ ಕೊಕ್ಕೆ ಸಿಕ್ಕದೆ ಅವಳು ಬಾಗಿಲಲ್ಲೇ ತಡವರಿಸುತ್ತಿದ್ದಳು. ಹದಿನೈದರ ಮಗಳು ಬೂಟಿನ ದಾರ ಬಿಗಿಯುತ್ತ, ಮೇಜಿನ ಮೇಲೆ ಮತ್ತೆ ಗುಂಯ್ ಎಂದ ಅಮ್ಮನ ಫೋನಿನ ಕಡೆ ಕತ್ತು ಚಾಚಿ, ಇನ್ನೂ ಜಾಗ ಇಲ್ಲ ಅಂತಾನೇ ತೋರಿಸ್ತಿದೆ, ಎರಡೂವರೆ ತಿಂಗಳಿಂದ ಇದೇ ರಾಮಾಯಣ, ತಾನೇ ಒಂದೈದು ನಿಮಿಷ ಕೂತು ಬೇಡದ್ದನ್ನೆಲ್ಲ ಅಳಿಸಿಕೊಡಲೇ ಎಂದಳು. "ಮುಟ್ಟಬೇಡ" ಎಂದ ಮಾತು ತಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ ಹೊರಬಿತ್ತು. ಮಗಳು ಹುಬ್ಬೇರಿಸಿದಳು. "ಊರಿಗೆಲ್ಲ ಕಂಪ್ಯೂಟರ್ ಕಲಿಸೋ ಮೇಡಂ ಫೋನು ನೋಡು, ಉಗ್ರಾಣ ಆಗಿದೆ" ಎಂದು ಗೊಣಗಿಕೊಂಡು ಮೆಟ್ಟಿಲಿಳಿದು ಹೋದಳು. ಹುಡುಗಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಜಾಗವಿಲ್ಲದ ಫೋನು ಬಂದದ್ದನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಬಾಗಿಲಲ್ಲೇ ನಿಲ್ಲಿಸಿ, ಪಕ್ಕದಲ್ಲೊಂದು ಬಾಣದ ಗುರುತು ತೋರಿಸಿ, ಬೇಕಾದಾಗ ಒತ್ತು ಎನ್ನುತ್ತದೆ. ಹಾಗೆ ಬಾಗಿಲಲ್ಲಿ ನಿಂತವು ಹನ್ನೊಂದಿದ್ದವು. ಒಂದನ್ನೂ ಅವಳು ಒತ್ತಿರಲಿಲ್ಲ. ದಿನಾ ಬಸ್ಸಿನಲ್ಲಿ ಕೂತು ಆ ಪುಟ ತೆರೆದು, ಹನ್ನೊಂದು ಬಾಣಗಳನ್ನು ಎಣಿಸಿ, ಮುಚ್ಚುತ್ತಿದ್ದಳು. ಒತ್ತಿದರೆ ಅಪ್ಪನ ದನಿ ಬರುತ್ತದೆ. ಆ ದನಿ ಏನು ಹೇಳುತ್ತದೆ ಎನ್ನುವುದು ಗೊತ್ತಾಗಿಬಿಡುತ್ತದೆ. ಕೂಗಿ ಕರೆದಿದ್ದನೋ, ಇಲ್ಲಾ ಸುಮ್ಮನೆ ತಡಕಾಡಿದ್ದನೋ. ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲಾಗುವುದಿಲ್ಲವಲ್ಲ.

ವಾಚನಾಲಯದ ಹಿಂಭಾಗದ ಕೋಣೆಯಲ್ಲಿ ಆರು ಹಳೆಯ ಕಂಪ್ಯೂಟರುಗಳು, ಆರು ಕುರ್ಚಿಗಳು, ತೆರೆದರೆ ಪಕ್ಕದ ಗೋಡೆ ಕಾಣುವ ಒಂದು ಕಿಟಕಿ. ಅರವತ್ತು ದಾಟಿದವರಿಗೆ ಅವಳಿಲ್ಲಿ ವಾರಕ್ಕೆ ನಾಲ್ಕು ದಿನ ಕಂಪ್ಯೂಟರ್, ಎರಡು ದಿನ ಮೊಬೈಲ್ ಕಲಿಸುತ್ತಾಳೆ. ನಲವತ್ತು ವರ್ಷ ಬಸ್ಸು ಓಡಿಸಿದ, ಎಲ್ಲರೂ ಡ್ರೈವರ್ ಮಾಮ ಎನ್ನುವ ಮುದುಕ ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಅಂಚಿನ ತನಕ ತಳ್ಳಿಕೊಂಡು ಹೋಗಿ, "ರೋಡು ಮುಗೀತು ಮೇಡಂ, ಬಾಣ ಇನ್ನೂ ಊರು ಮುಟ್ಟಿಲ್ಲ" ಎಂದ. ಎತ್ತಿ ಮತ್ತೆ ಇಡಿ ಮಾಮಾ ಎಂದು ಅವಳು ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಹೇಳಿದಳು, ಮೊದಲ ಸಲ ಹೇಳುವ ಹಾಗೆ. ಅವನ ಪಕ್ಕದ ಕುರ್ಚಿಯಲ್ಲಿ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಿಯಾದ ಸಿಸ್ಟರಮ್ಮ, ಪ್ರತಿ ಗುಂಡಿಯನ್ನೂ ಸೂಜಿ ಚುಚ್ಚುವ ಮುಂಚೆ ಚರ್ಮ ಒರೆಸುವಂತೆ ಒರೆಸಿ ಒತ್ತುತ್ತಿದ್ದಳು. ತಪ್ಪೊತ್ತಿದರೆ ಏನಾಗುತ್ತೋ ಎಂಬ ಭಯ ಎಲ್ಲರಿಗೂ. ಅವಳು ಅದಕ್ಕೆ ಹೇಳುವ ಮಾತು ಒಂದೇ: ಇಲ್ಲಿ ಏನು ಒತ್ತಿದರೂ ಏನೂ ಕೆಟ್ಟುಹೋಗುವುದಿಲ್ಲ. ಆ ಮಾತನ್ನು ಅವಳು ಇಷ್ಟು ವರ್ಷ ನಂಬಿದ್ದಳು. ತಾಳ್ಮೆಗೆ ಸಂಬಳ ಬರುತ್ತದೆ ಎನ್ನುವುದು ಒಂದಾದರೆ, ಇವರು ಯಾರೂ ತನ್ನವರಲ್ಲ ಎನ್ನುವುದು ಇನ್ನೊಂದು. ಇವರ ಬೆರಳು ನಡುಗಿದರೆ ತನ್ನ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ. ತನ್ನವರ ಬೆರಳು ನಡುಗಿದರೆ ಸಿಟ್ಟು ಬರುತ್ತದೆ. ಯಾಕೆ ಸಿಟ್ಟೇ ಬರಬೇಕು, ಬೇರೇನೂ ಯಾಕೆ ಬರಬಾರದು ಎಂದು ಈಚೆಗೆ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಇಸ್ತ್ರಿಯ ಮುಂದೆ ನಿಂತು ಯೋಚಿಸುತ್ತಿರುತ್ತಾಳೆ. ಹಿಂದಿನ ವಾರ ಸಿಸ್ಟರಮ್ಮ ಅವಳ ಕೆನ್ನೆ ಸವರಿ, ನಿನ್ನಂಥ ಮಗಳನ್ನು ಪಡೆಯೋಕೆ ನಿಮ್ಮಪ್ಪ ಪುಣ್ಯ ಮಾಡಿದ್ದರು ಎಂದಾಗ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಸುಳ್ಳು ಹೇಳಿ ಎದ್ದುಹೋಗಿದ್ದಳು.

ಅಪ್ಪನ ಬೆರಳು ನಡುಗುತ್ತಿರಲಿಲ್ಲ, ಅದು ತಾನೇ ಮೇಲೇಳುತ್ತಿತ್ತು. ಗಡಿಯಾರದ ಒಳಗಿನ, ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗಿಗೆ ಬೆರಳು ಒಂದು ಗಳಿಗೆ ಹೆಚ್ಚು ತಾಗಿದರೂ ಅದು ಆಕಾರ ಕೆಡುತ್ತದೆ, ಬೆವರು ಹತ್ತಿದರೆ ತುಕ್ಕು ಹಿಡಿಯುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಗುರು ಅವನ ಬೆನ್ನಿಗೆ ಗುದ್ದಿ ಕಲಿಸಿದ ಮೊದಲ ಪಾಠ ಅದು, ತಾಗಿಸು, ಬಿಡು. ಬೆರಳು ಬಂದು ಹೋದದ್ದು ಗಡಿಯಾರಕ್ಕೆ ಗೊತ್ತಾಗಬಾರದು ಎಂದು ಅಪ್ಪ ಹೇಳುತ್ತಿದ್ದ. ಐವತ್ತೆರಡು ವರ್ಷ ತಾಗಿಸಿ ಬಿಟ್ಟ ಕೈಗೆ ಅವಳು ಒತ್ತಿ ಹಿಡಿಯುವುದನ್ನು ಕಲಿಸಹೊರಟಿದ್ದಳು. ಅದರ ಅಗತ್ಯ ಬಂದದ್ದೂ ಅವಳಿಂದಲೇ. ಫೋನಿನ ಟಾರ್ಚು ಹೊತ್ತಿಕೊಂಡು ಆರಿಸಲು ಬಾರದೆ ಅಪ್ಪ ಒಂದು ಬೆಳಿಗ್ಗೆ ಪಾಠದ ನಡುವೆ ಐದು ಸಲ ಕರೆ ಮಾಡಿದ. ವಾಚನಾಲಯದ ಮೇಲಧಿಕಾರಿ ಬಾಗಿಲಲ್ಲಿ ನಿಂತು, ಮನೆ ವಿಚಾರ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಎಲ್ಲರೆದುರು ಹೇಳಿದರು. ಆ ಸಂಜೆಯೇ ಅವಳು ಅಂಗಡಿಗೆ ಹೋಗಿ ಅಪ್ಪಣೆ ಹೊರಡಿಸಿದಳು. ಪಾಠದ ಹೊತ್ತಿನಲ್ಲಿ ಕರೆ ಮಾಡಕೂಡದು. ಏನಿದ್ದರೂ ಬರೆದು ಕಳಿಸು, ಅಕ್ಷರದ ಗುಂಡಿ ಚಿಕ್ಕದಾದರೆ ಧ್ವನಿ ಕಳಿಸು. ಈ ಮೈಕಿನ ಚಿತ್ರ ಇದೆಯಲ್ಲ, ಇದನ್ನು ಒತ್ತಿ ಹಿಡಿದುಕೊಂಡೇ ಮಾತಾಡು, ಮುಗಿದ ಮೇಲೆ ಬೆರಳು ತೆಗಿ, ತಾನೇ ಹೋಗುತ್ತದೆ. ಅಪ್ಪ ಒತ್ತಿದ. ಬೆರಳು ಎದ್ದುಬಿಟ್ಟಿತು. ಒತ್ತಿದ, ಎದ್ದಿತು. ಎದುರಿಗೆ ಅಲಾರಂ ಗಡಿಯಾರ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಕುತೂಹಲದಿಂದ ನೋಡುತ್ತಿದ್ದಳು. ಅಂದು ಕತ್ತು ನೋಯುತ್ತಿತ್ತು, ಮಗಳ ಶಾಲೆಯಲ್ಲಿ ಬೇರೆ ಸಭೆಯಿತ್ತು, ಬಸ್ಸಿಗೆ ಹೊತ್ತಾಗಿತ್ತು. ಇವೆಲ್ಲ ನಿಜವೇ, ಆದರೆ ಇವೆಲ್ಲ ಇಲ್ಲದಿದ್ದರೂ ಅವಳು ಅದನ್ನು ಹೇಳುತ್ತಿದ್ದಳೇನೋ. "ಒತ್ತಿ ಹಿಡಿ ಅಂದ್ರೆ ಒತ್ತಿ ಹಿಡಿಯೋದು ಅಪ್ಪ. ಅಷ್ಟೂ ಆಗಲ್ವಾ? ಚಿಕ್ಕ ಮಕ್ಕಳು ಮಾಡ್ತವೆ. ಯಾಕೆ ಹೀಗೆ ಪ್ರಾಣ ತಿಂತೀಯ?" ಹೆಂಗಸು ತಟ್ಟನೆ ಗೋಡೆಯ ಗಡಿಯಾರಗಳ ಕಡೆ ತಿರುಗಿದಳು, ಹೊತ್ತು ಎಷ್ಟಾಯಿತೆಂದು ನೋಡುವವಳಂತೆ. ಅಪ್ಪ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ. ಗಿರಾಕಿಗಳು ಒಂದು ಕಣ ಧೂಳನ್ನೂ ಬೀಳಿಸದ ಕೈ ಎಂದು ಹೊಗಳುತ್ತಿದ್ದ ಕೈಗಳು. "ಕಲೀತೀನಿ ಬಿಡಮ್ಮ, ನೀನು ಹೊರಡು, ಬಸ್ಸು ತಪ್ಪುತ್ತೆ" ಎಂದ. ಮಾತು ಕೊಟ್ಟದ್ದನ್ನು ನೆನಪಿಸಲಿಲ್ಲ. ಅವಳಿಗೂ ನೆನಪಾಗಲಿಲ್ಲ.

"ಮೇಡಂ, ಇದೇನು ಹೀಗನ್ನುತ್ತೆ?" ಸಿಸ್ಟರಮ್ಮ ತನ್ನ ಫೋನನ್ನು ಚಾಚಿದ್ದಳು. ತಿಂಗಳುಗಳ ಹಿಂದೆ ಮೊಮ್ಮಗು ಹಾಡಿ ಕಳಿಸಿದ ಪದ್ಯವಂತೆ, ಬಿಡುವು ಮಾಡಿಕೊಂಡು ಕೇಳೋಣವೆಂದು ಇಟ್ಟಿದ್ದಳಂತೆ, ಇವತ್ತು ಬಾಣ ಒತ್ತಿದರೆ ಬರುತ್ತಿಲ್ಲವಂತೆ. ಪರದೆಯ ಮೇಲೆ ಬರೆದಿತ್ತು: ಈ ಧ್ವನಿ ಈಗ ಲಭ್ಯವಿಲ್ಲ. ಮತ್ತೊಮ್ಮೆ ಕಳಿಸುವಂತೆ ಕಳಿಸಿದವರನ್ನು ಕೇಳಿ. ಅವಳು ಪಾಠದ ದನಿಯಲ್ಲೇ ವಿವರಿಸತೊಡಗಿದಳು. ನೋಡಿ, ಬಂದದ್ದೆಲ್ಲ ತಕ್ಷಣ ನಮ್ಮ ಫೋನಿನೊಳಗೆ ಇರುವುದಿಲ್ಲ. ಅವರ ಕಡೆಯ ಗೋದಾಮಿನಲ್ಲಿ ಕಾಯ್ದಿರುತ್ತದೆ. ನಾವು ಒತ್ತಿ ಇಳಿಸಿಕೊಳ್ಳಬೇಕು. ತುಂಬ ದಿನ ಇಳಿಸಿಕೊಳ್ಳದಿದ್ದರೆ ಅವರು ಅದನ್ನು ತೆಗೆದುಹಾಕುತ್ತಾರೆ. ಕಳಿಸಿದವರ ಫೋನಿನಲ್ಲಿ ಇದ್ದೇ ಇರುತ್ತದೆ, ಇನ್ನೊಂದು ಸಲ ಕಳಿಸು ಅಂದರಾಯಿತು... ಹೇಳುತ್ತ ಹೇಳುತ್ತ ಅವಳ ಕಣ್ಣು ತನ್ನ ಫೋನಿನ ಕಡೆ ಹೋಯಿತು. ಈ ಪಾಠವನ್ನು ಅವಳು ಎಷ್ಟು ವರ್ಷದಿಂದ ಹೇಳುತ್ತಿದ್ದಾಳೆ! ತನ್ನ ಹನ್ನೊಂದು ಬಾಣಗಳನ್ನು ದಿನಾ ಎಣಿಸುವವಳಿಗೆ ಇದು ಹೊಳೆದೇ ಇರಲಿಲ್ಲ. ಹೊಳೆದಿತ್ತೇನೋ, ಅದಕ್ಕೇ ಕಾಯುತ್ತಿದ್ದಳೇನೋ. ಸಿಸ್ಟರಮ್ಮ ಸಮಾಧಾನವಾಗಿ, ಸರಿ ಹಾಗಾದರೆ, ಸಂಜೆ ಮೊಮ್ಮಗುವಿಗೇ ಹೇಳುತ್ತೇನೆ, ಮತ್ತೆ ಹಾಡುತ್ತೆ ಎಂದಳು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಮೆಟ್ಟಿಲ ತಿರುವಿನಲ್ಲಿ, ಹಳೆಯ ಕುರ್ಚಿಗಳನ್ನು ಪೇರಿಸಿಟ್ಟ ಮೂಲೆಯಲ್ಲಿ ನಿಂತು ಮೊದಲ ಬಾಣ ಒತ್ತಿದಳು. ಜಾಗವಿಲ್ಲ ಎಂದಿತು. ಪಾಠದ ಚಿತ್ರಗಳನ್ನು, ಮಗಳ ಪರೀಕ್ಷೆಯ ಹಾಳೆಗಳನ್ನು, ಯಾರೋ ಕಳಿಸಿದ ಶುಭೋದಯದ ಹೂಗಳನ್ನು ಕೈಗೆ ಸಿಕ್ಕ ಹಾಗೆ ಅಳಿಸಿದಳು. ಮತ್ತೆ ಒತ್ತಿದಳು. ಚಕ್ರ ಸುತ್ತಿತು. ಸಿಸ್ಟರಮ್ಮನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿತು: ಕಳಿಸಿದವರನ್ನು ಕೇಳಿ. ಎರಡನೆಯದು, ಮೂರನೆಯದು, ಹನ್ನೊಂದನೆಯದು. ಹನ್ನೊಂದು ಸಲವೂ ಸೌಜನ್ಯದಿಂದ, ಒಂದು ಸಲವೂ ಬೈಯದೆ, ಕಳಿಸಿದವರನ್ನು ಕೇಳಿ ಎಂದಿತು.

ಅವು ಬಂದದ್ದು ಮೊಬೈಲ್ ಪಾಠದ ದಿನ, ಹನ್ನೊಂದೂ ಹತ್ತರಿಂದ ಹನ್ನೊಂದೂವರೆಯ ಒಳಗೆ. ಮೇಜಿನ ಮೇಲೆ ಫೋನು ಗುಂಯ್ ಗುಂಯ್ ಎಂದು ಜಾರಿಕೊಂಡು ಡಸ್ಟರಿಗೆ ಹೋಗಿ ಡಿಕ್ಕಿ ಹೊಡೆದಿತ್ತು. "ಯಾರೋ ಹಾರ್ನ್ ಹೊಡೀತಾ ಇದಾರೆ ಮೇಡಂ, ಸೈಡು ಕೊಡಿ" ಎಂದು ಡ್ರೈವರ್ ಮಾಮ ಎಲ್ಲರನ್ನೂ ನಗಿಸಿದ್ದ. ತೆರೆದು ನೋಡಿದರೆ ಸಾಲಾಗಿ ಒಂದೊಂದು ಸೆಕೆಂಡಿನ ಧ್ವನಿಗಳು, ಅಪ್ಪನವು. ಮತ್ತೆ ಅದೇ. ಒಂದು ವಾರ ಹೇಳಿಕೊಟ್ಟರೂ ಮತ್ತೆ ಅದೇ. ಆಮೇಲೆ ಅವಳು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಮೇಲೆ 'ಅಪ್ಪ' ಎಂದಿದ್ದ ಕಡೆ ಹೆಬ್ಬೆರಳು ಮುಚ್ಚಿ, ಫೋನನ್ನು ಎತ್ತಿ ತರಗತಿಗೆ ತೋರಿಸಿದ್ದಳು. ನೋಡಿ, ಒತ್ತಿ ಹಿಡಿಯದಿದ್ದರೆ ಹೀಗಾಗುತ್ತೆ, ಪಾಪ ಯಾರೋ ಒಬ್ಬರು ಖಾಲಿ ಲಕೋಟೆ ಅಂಚೆಗೆ ಹಾಕ್ತಾನೇ ಇದಾರೆ. ಎಲ್ಲರೂ ನಕ್ಕರು, ತಮಗಿಂತ ದಡ್ಡರೂ ಇದ್ದಾರೆ ಎನ್ನುವ ನಿರಾಳದ ನಗು. ಅವಳೂ ನಕ್ಕಳು. ಫೋನನ್ನು ಬೋರಲು ಹಾಕಿದಳು. ಒಂದು ಗಂಟೆಗೆ, ಅಪ್ಪನ ಅಂಗಡಿಯ ಪಕ್ಕದಲ್ಲಿ ಬೀಗದ ಕೈ ಮಾಡುವವನು ಕರೆ ಮಾಡಿದ. ಅಕ್ಕಾ, ಬೇಗ ಬನ್ನಿ, ಯಜಮಾನರು ಮೇಜಿನ ಮೇಲೆ ತಲೆ ಇಟ್ಟುಕೊಂಡಿದ್ದಾರೆ, ನಿದ್ದೆ ಅಂದುಕೊಂಡಿದ್ದೆ ಎಂದ. ಯಾರೋ ಒಬ್ಬರು ಎಂದಿದ್ದಳಲ್ಲ. ಆ ಎರಡು ಪದ ಇನ್ನೂ ಅವಳ ಬಾಯಲ್ಲಿ ಕಹಿಯಾಗಿ ಉಳಿದಿವೆ.

ಮಧ್ಯಾಹ್ನದ ಪಾಠಕ್ಕೆ ತಲೆನೋವೆಂದು ರಜೆ ಹೇಳಿ ಅವಳು ಅಂಗಡಿಯ ಬೀದಿಗೆ ಬಂದಳು. ಬೀಗದ ಕೈಯವನು ಅವಳ ಮುಖ ನೋಡಿ ಏನನ್ನೂ ಕೇಳದೆ ಬೀಗ ತೆಗೆದುಕೊಟ್ಟ. ಯಾರೋ ಅಂಗಡಿ ಬಾಡಿಗೆಗೆ ಕೇಳಿಕೊಂಡು ಬಂದಿದ್ದರು ಅಕ್ಕಾ, ನಾನು ಈಗಲೇ ಇಲ್ಲ ಅಂದೆ ಎಂದಷ್ಟೇ ಹೇಳಿ ತನ್ನ ಅರದ ಸದ್ದಿಗೆ ಹಿಂದಿರುಗಿದ. ಒಳಗೆ ಎಣ್ಣೆಯ, ಹಿತ್ತಾಳೆಯ ವಾಸನೆ. ಗೋಡೆಯ ಗಡಿಯಾರಗಳು ಕೀ ಇಲ್ಲದೆ ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದ್ದವು. ಮೇಜಿನ ಮೇಲೆ ಚಿಮಟ, ಭೂತಗನ್ನಡಿ, ಗಾಜಿನ ಬೋಗುಣಿಯ ಕೆಳಗೆ ಅರ್ಧ ಬಿಚ್ಚಿದ ಯಾರದೋ ಗಡಿಯಾರ. ಖಾನೆಯಲ್ಲಿ ಅಪ್ಪನ ಫೋನು ಸತ್ತು ಮಲಗಿತ್ತು; ಅಂದು ಅವನ ಕೈ ಪಕ್ಕದಲ್ಲಿ ಸಿಕ್ಕಾಗಲೂ ಆರಿಹೋಗಿಯೇ ಇತ್ತು. ನೂರು ಗಡಿಯಾರಕ್ಕೆ ಕೀ ಕೊಡಲು ಮರೆಯದವನು ಈ ಒಂದನ್ನು ಚಾರ್ಜಿಗೆ ಹಾಕಲು ದಿನಾ ಮರೆಯುತ್ತಿದ್ದ, ದಿನಾ ಬೈಸಿಕೊಳ್ಳುತ್ತಿದ್ದ. ಚಾರ್ಜಿಗೆ ಹಾಕಿ ಸ್ಟೂಲಿನ ಮೇಲೆ ಕೂತಳು. ಕಾಲು ಈಗ ನೆಲಕ್ಕೆ ತಾಗುತ್ತದೆ. ಹೊತ್ತು ಹೋದ ಮೇಲೆ ಪರದೆ ಹೊತ್ತಿಕೊಂಡಿತು. ಹೊಸ ಆವೃತ್ತಿ ಬಂದಿದೆ, ಈಗ ಹಾಕಲೇ ಎಂದು ಕೇಳಿತು. ಬೆರಳು ಹಿಂದಕ್ಕೆಳೆದುಕೊಂಡಳು. ಈಗ ಎನ್ನುವುದಕ್ಕೆ ಎಲ್ಲಿ ಬೆರಳು ತಾಗಿಬಿಡುತ್ತದೋ, ಎಲ್ಲಿ ಎಲ್ಲ ಒರೆಸಿಹೋಗುತ್ತದೋ. ಏನು ಒತ್ತಿದರೂ ಏನೂ ಕೆಡುವುದಿಲ್ಲ ಎಂದು ಸಾವಿರ ಜನಕ್ಕೆ ಹೇಳಿದ ಮೇಡಂ ಉಸಿರು ಬಿಗಿಹಿಡಿದು 'ಆಮೇಲೆ' ಎಂಬುದನ್ನು ಹುಡುಕಿ ಒತ್ತಿದಳು. ಫೋನಿನ ಬೀಗ ತೆಗೆಯುವ ಗೆರೆ ಗೊತ್ತಿತ್ತು. ಚುಕ್ಕಿಗಳ ನೆನಪು ಉಳಿಯದ ಅಪ್ಪ ಅದನ್ನು ಮೂರು ಗಂಟೆ ಎಂದು ಇಟ್ಟುಕೊಂಡಿದ್ದ. ಮೇಲಿನಿಂದ ನಡುವಿಗೆ, ನಡುವಿನಿಂದ ಬಲಕ್ಕೆ, ನಾಲ್ಕು ಚುಕ್ಕಿ ಆಗಲೇಬೇಕೆಂದು ಕೊನೆಗೊಂದು ಕೆಳಕ್ಕೆ.

ಹನ್ನೊಂದೂ ಇದ್ದವು. ಮೊದಲನೆಯದನ್ನು ಒತ್ತಿದಳು. ಒಂದು ಸೆಕೆಂಡು ಅಂಗಡಿಯ ಗಡಿಯಾರಗಳೆಲ್ಲ ಬದುಕಿ ಟಿಕಟಿಕ ಎಂದು, ನಿಂತವು. ಎರಡನೆಯದರಲ್ಲಿ ಒಂದು ಉಸಿರು. ಮೂರನೆಯದರಲ್ಲಿ "ಒತ್". ನಾಲ್ಕನೆಯದರಲ್ಲಿ "ಒತ್ತಿ". ಐದು, ಆರು, ಅದೇ. ಕರೆಯುತ್ತಿರಲಿಲ್ಲ. ಪಾಠ ಒಪ್ಪಿಸುತ್ತಿದ್ದ. ಏಳನೆಯದರಲ್ಲಿ "ಒತ್ತಿ ಹಿಡಿ". ಒಂಬತ್ತನೆಯದರಲ್ಲಿ "ಒತ್ತಿ ಹಿಡಿ ಅಂದ್ರೆ". ಅವು ಒಂದೊಂದೇ ಸೆಕೆಂಡಿನವೂ ಆಗಿರಲಿಲ್ಲ, ಕೆಳಗಿಳಿದ ಹಾಗೆ ಎರಡಾಗಿದ್ದವು, ಮೂರಾಗಿದ್ದವು, ಅವಳು ತರಗತಿಗೆ ತೋರಿಸಿದ್ದು ಮೇಲಿನ ನಾಲ್ಕನ್ನು ಮಾತ್ರ, ಆಮೇಲೆ ದಿನಾ ಎಣಿಸಿದ್ದು ಬಾಣಗಳನ್ನೇ ಹೊರತು ಸೆಕೆಂಡುಗಳನ್ನಲ್ಲ. ಹನ್ನೊಂದನೆಯದರಲ್ಲಿ ಅವಳ ಇಡೀ ವಾಕ್ಯವಿತ್ತು, ಅವಳದೇ ಏರಿಳಿತದಲ್ಲಿ, ಅಪ್ಪನ ಮೆತ್ತನೆಯ ದನಿಯಲ್ಲಿ: "ಒತ್ತಿ ಹಿಡಿ ಅಂದ್ರೆ ಒತ್ತಿ ಹಿಡಿಯೋದು. ಹಾಂ."

ಅದರ ಕೆಳಗೆ ಇನ್ನೊಂದಿತ್ತು. ಹನ್ನೆರಡನೆಯದು, ಅವಳಿಗೆ ಬಾರದಿದ್ದದ್ದು. ಅದರ ಮೂಲೆಯಲ್ಲಿ ಸಾಸಿವೆಯಷ್ಟು ಪುಟ್ಟ ಗಡಿಯಾರದ ಗುರುತು. ಆ ಗುರುತು ಇದ್ದರೆ ಇನ್ನೂ ಹೋಗಿಲ್ಲ, ಕಾಯುತ್ತಿದೆ ಎಂದು ಅರ್ಥ. ಅದನ್ನೂ ಅವಳು ಪಾಠದಲ್ಲಿ ಹೇಳುತ್ತಾಳೆ. ಹೋಗುವ ಮುನ್ನ ಫೋನು ಆರಿತ್ತು. ಅವಳು ನೋಡುತ್ತಿದ್ದಂತೆಯೇ ಪುಟ್ಟ ಗಡಿಯಾರ ಮಾಯವಾಗಿ ಅಲ್ಲಿ ಹೋಯಿತು ಎನ್ನುವ ಗೀಟು ಮೂಡಿತು. ಮಡಿಲಲ್ಲಿದ್ದ ಚೀಲದೊಳಗೆ ಅವಳ ಫೋನು ಗುಂಯ್ ಎಂದಿತು. ತೆಗೆದು ನೋಡಿದಳು. ಅಪ್ಪ, ಎಂದಿತ್ತು. ಒಂದು ನಿಮಿಷ ನಾಲ್ಕು ಸೆಕೆಂಡು.

ಅಪ್ಪನ ಫೋನನ್ನೇ ಕಿವಿಗೆ ಹಿಡಿದಳು. "ಪುಟ್ಟೀ. ಎತ್ತಿಲ್ಲ ನೋಡು. ಬೆರಳು ಎತ್ತಿಲ್ಲ." ಗಡಿಯಾರಗಳು ಒಂದಷ್ಟು ಹೊತ್ತು ನಡೆದವು. "ಬೆಳಿಗ್ಗೆಯಿಂದ ಎಡಗೈ ಯಾಕೋ ಜೋಮು ಹಿಡಿದ ಹಾಗಿದೆ. ಚಿಮಟ ನಿಲ್ತಾ ಇಲ್ಲ. ಎದೇನೂ ಸ್ವಲ್ಪ ಬಿಗೀತಾ ಇದೆ. ಕರೆ ಮಾಡಬೇಡ ಅಂದಿದ್ಯಲ್ಲ, ಅದಕ್ಕೇ ಇದನ್ನ ಕಲೀತಾ ಕೂತೆ. ಆದ್ರೆ ಬಾ. ಓಡಿಬರೋದೇನೂ ಬೇಡ. ಪಾಠ ಮುಗಿಸ್ಕೊಂಡೇ ಬಾ, ಅವರೆಲ್ಲ ಕಾಯ್ತಿರ್ತಾರೆ." ಮತ್ತೆ ಗಡಿಯಾರಗಳು, ತುಂಬ ಹೊತ್ತು. ಮುಗಿಸುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. "ಈಗ ಬಿಡಬಹುದಾ? ಬಿಡ್ತೀನಿ. ಬೈಬೇಡ." ಬೆರಳು ಎದ್ದಿತು.

ಆಚೆ ಅರ ಉಜ್ಜುವ ಸದ್ದು ನಿಂತು, ಮತ್ತೆ ಶುರುವಾಯಿತು. ಅವಳು ಹೆಬ್ಬೆರಳನ್ನು ಮೈಕಿನ ಚಿತ್ರದ ಮೇಲಿಟ್ಟು ಒತ್ತಿ ಹಿಡಿದಳು. ಸೆಕೆಂಡುಗಳು ಏರಿದವು, ಹತ್ತು, ಇಪ್ಪತ್ತು. ಬೆರಳು ತೆಗೆದಳು. ಅಪ್ಪನ ಫೋನಿನಿಂದ ಅವಳ ಫೋನಿಗೆ ಇನ್ನೊಂದು ಖಾಲಿ ಲಕೋಟೆ ಹೋಗಿ ಬಿತ್ತು. ಮಣಿಕಟ್ಟಿನ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಅದರ ಮುಚ್ಚಳ ತೆಗೆದು ನೋಡಬೇಕಾಗಿರಲಿಲ್ಲ, ಒಳಗೆ ಏನು ಗೀಚಿದೆ ಎಂದು ಅವಳಿಗೆ ಗೊತ್ತಿತ್ತು. ಬೈಯುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಬೈದಿದ್ದಳು.